ಮರದ ಹಾಲು ಬಳಿದ ಬಟ್ಟಲು

ಅಮ್ಮನ ತಿಥಿ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹೋದೆ. ಊರಿಗಾಂನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿಂದ ನಡೆದು ಗೆಸ್ಟ್ ಹೌಸ್ ಸೇರುವುದು. ಕಾರ್ಖಾನೆಯೊಂದಕ್ಕೆ ಹೊಸದಾಗಿ ಬಂದಿದ್ದ ಜಪಾನಿನ ಎಂಜಿನಿಯರ್ ಒಬ್ಬರು ಅಲ್ಲಿದ್ದರು. ಅವರಿಗೆ ಅಡುಗೆ ಮಾಡುವುದು ನನ್ನ ಕೆಲಸ. ಅಳು ಬರುತ್ತಿರಲಿಲ್ಲ. ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯುತ್ತಿತ್ತು, ಅಷ್ಟೇ.

ಸಾಹೇಬರು ಅನ್ನ, ಪಲ್ಯ ಎಲ್ಲವನ್ನೂ ಸ್ಟೀಲ್ ತಟ್ಟೆಯಲ್ಲೇ ಉಣ್ಣುತ್ತಿದ್ದರು. ಸಾರು ಮಾತ್ರ ಅವರದೇ ಒಂದು ಬಟ್ಟಲಿಗೆ ಬಡಿಸಬೇಕು. ಹೊರಗೆ ಕಪ್ಪು, ಒಳಗೆ ಕುಂಕುಮದ ಕೆಂಪು. ಪ್ಲಾಸ್ಟಿಕ್ ಇರಬೇಕೆಂದು ನಾನು ಸ್ಕ್ರಬ್ಬರ್ ತೆಗೆದುಕೊಂಡಾಗ ಅವರು ಬಂದು ತಾವೇ ತೊಳೆದು ತೋರಿಸಿದರು. ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ. ಬಿಸಿಲಿಗೆ ಇಡಬಾರದು.

"ಮರ. ಅಣ್ಣ ಮಾಡಿದ್ದು," ಅಂದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟು. ಉಳಿದದ್ದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ಆಮೇಲೊಂದು ದಿನ ಫೋನಿನಲ್ಲಿ ಅಣ್ಣನನ್ನು ತೋರಿಸಿದರು. ವಯಸ್ಸಾದವರು, ನೆಲದ ಮೇಲೆ ಕುಳಿತು ಬಟ್ಟಲಿಗೆ ಏನೋ ಬಳಿಯುತ್ತಿದ್ದರು. ಬಣ್ಣವಲ್ಲ, ಮರದ ತೊಗಟೆ ಗೀರಿ ಇಳಿಸಿದ ಹಾಲು. ಒಂದು ಪದರ ಬಳಿದು, ತೇವವಿರುವ ಕಪಾಟಿನಲ್ಲಿ ಒಣಗಿಸಿ, ಉಜ್ಜಿ, ಮತ್ತೆ ಬಳಿಯಬೇಕಂತೆ. ತೇವದಲ್ಲಿ ಒಣಗುವ ವಸ್ತು ಇರುತ್ತದೆಂದು ನಾನು ಕೇಳಿರಲಿಲ್ಲ. ಬಟ್ಟಲುಗಳನ್ನು ಮರದಲ್ಲಿ ಕಡೆದು ಕೊಡುತ್ತಿದ್ದ ಅವರ ಗೆಳೆಯ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರು ಕಡೆದಿಟ್ಟವು ಗೋಡೆಯುದ್ದಕ್ಕೂ ಪೇರಿಸಿದ್ದವು.

"ಅವು ಮುಗಿದ ಮೇಲೆ?" ಎಂದು ಕೇಳಿದೆ.

ಬೇರೆ ಊರಿನಲ್ಲಿ ಒಬ್ಬ ಹೆಂಗಸು ಕಡೆಯುವುದನ್ನು ಕಲಿಯುತ್ತಿದ್ದಾಳೆ, ಅವಳಿಗಾಗಿ ಕಾಯುತ್ತೇನೆ ಎಂದು ಅಣ್ಣ ಹೇಳಿದರಂತೆ. ನಾನು ತಲೆಯಾಡಿಸಿದೆ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ರೈಲಿಗೆ ಹೊತ್ತಾಗಿತ್ತು.

ಸಾಹೇಬರು ಊರಿಗೆ ಹೊರಟಾಗ ಅಣ್ಣ ಕಳಿಸಿದ ಹೊಸ ಬಟ್ಟಲೊಂದನ್ನು ನನ್ನ ಕೈಗಿತ್ತರು. "ನಿಮ್ಮ ಅಪ್ಪನಿಗೆ," ಅಂದರು. ಅಪ್ಪನ ವಿಷಯ ಹಿಂದೊಮ್ಮೆ ಹೇಳಿದ್ದೆ.

ಅಪ್ಪ ಚಿನ್ನದ ಮೈನ್ಸಿನಲ್ಲಿ ದುಡಿದವರು. ಅಮ್ಮ ಹೋದ ಮೇಲೆ ಮಾತು ಬಿಟ್ಟಿದ್ದರು. ತಟ್ಟೆ ಇಟ್ಟರೆ ಉಣ್ಣುವರು, ಇಡದಿದ್ದರೆ ಕೇಳರು. ಆ ಬಟ್ಟಲಿಗೆ ರಾಗಿ ಗಂಜಿ ಹಾಕಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಏನಮ್ಮಾ ಇದು, ಗಂಜಿ ಇಷ್ಟು ಬಿಸಿ ಐತೆ, ಕೈ ಸುಡ್ತಾನೇ ಇಲ್ಲ?"

"ಮರದ್ದು ಕಣಪ್ಪಾ."

"ಓ," ಎಂದು ಪೂರ್ತಿ ಕುಡಿದರು. ಅವತ್ತಿನಿಂದ ಅದನ್ನು ತಾವೇ ತೊಳೆದು, ಹೆಗಲ ಟವಲಿನಲ್ಲಿ ಒರೆಸಿ, ಒಲೆಯಿಂದ ದೂರದ ಗೂಡಿನಲ್ಲಿ ಇಡುತ್ತಾರೆ. ನಾನು ಉಣ್ಣುವುದು ಅಮ್ಮನ ತಟ್ಟೆಯಲ್ಲಿ. ಅದರಲ್ಲಿ ಉಂಡರೂ ನನಗೇನೂ ಅನ್ನಿಸುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸಾಹೇಬರ ವಿಡಿಯೋ ಕಾಲ್ ಬಂತು. ಪಕ್ಕದಲ್ಲಿ ಅಣ್ಣನಿದ್ದರು. ಬಟ್ಟಲು ತೋರಿಸಲು ಹೇಳಿ ಕಣ್ಣು ಕಿರಿದು ಮಾಡಿ ನೋಡಿದರು. ಹಾಲಿನ ಪದರ ಸವೆದರೆ ಕಳಿಸಿಕೊಡಿ, ಮತ್ತೆ ಬಳಿಯುತ್ತೇನೆ ಎಂದರು.

"ಯಾರಮ್ಮಾ ಫೋನು?" ಒಳಗಿನಿಂದ ಅಪ್ಪ ಕೇಳಿದರು.

"ಬಟ್ಲು ಮಾಡ್ದೋರು."

"ಊಟ ಆಯ್ತಾ ಕೇಳು."

ಕೇಳಿದೆ. ಒಂದು ಪದರ ಬಳಿಯುವುದಿದೆ, ಇನ್ನೂ ಇಲ್ಲ ಎಂದು ಉತ್ತರ ಬಂತು. ಅಪ್ಪ ಎದ್ದು ಹೊರಗೆ ಬಂದರು.

"ವಯಸ್ಸಾದೋರು, ಒತ್ತಿಗೆ ಸರಿಯಾಗಿ ಉಣ್ಬೇಕು ಅಂತ ಏಳಮ್ಮಾ."

ನಾನು ಫೋನನ್ನು ಅವರ ಕೈಗೇ ಕೊಟ್ಟೆ.