ಖಾಲಿ ಡಬ್ಬಿ ಕೊಳ್ಳಲು ಹೋದ ನೀಲಾ ಕಾಕು

ನೀಲಾ ಕಾಕು ಟಿವಿ ನೋಡುತ್ತಿದ್ದುದು ಆವಾಜು ಪೂರ್ತಿ ಬಂದ್ ಮಾಡಿ. ಪರದೆಯ ಮೇಲೆ ಅತ್ತೆ ಬಾಯಿ ತೆರೆದರೆ ಮಾತು ಕಾಕುವಿನದು. ಸೊಸೆ ಕಣ್ಣೊರೆಸಿಕೊಂಡರೆ ಅದಕ್ಕೂ ಕಾಕುವಿನದೇ ಮಾತು.

"ಹಲ್ಲು ತಿಕ್ಕೂದಕ್ಕಿಂತ ಮೊದಲ ಝುಮಕಿ ಹಾಕ್ಕೊಂಡೇನ್ರಿ ಅತ್ತಿ. ಇನ್ನ ಒಲಿ ಯಾರ ಹಚ್ತೀರಿ ನೋಡ್ರಿ," ಎಂದು ಸೊಸೆಯ ಪರವಾಗಿ ಹೇಳಿ, ಮರುಕ್ಷಣ ಅತ್ತೆಯಾಗಿ, "ರೇಷ್ಮಿ ಸೀರಿ ಉಟ್ಟು ಮಲಗಿದ್ದೆ, ಏಳಾಕ ನೆರಿಗಿ ಸಿಕ್ಕೊಂಡಾವಬೇ," ಎನ್ನುತ್ತಿದ್ದರು.

ದೇಶಪಾಂಡೆ ನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಏಳೂವರೆಗೆ ಅನ್ನಕ್ಕಿಟ್ಟು ನಾನು ಅಲ್ಲಿ ಹಾಜರಾಗುತ್ತಿದ್ದೆ. ಆವಾಜು ಯಾಕೆ ಬಂದ್ ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಅವರು ಹೇಳೂದೆಲ್ಲಾ ನನಗ ಗೊತ್ತೈತಿ. ಬೆಂಗಳೂರ ಕನ್ನಡದಾಗ ಅಳೂದು ಕೇಳಿ ನನಗೇನಾಗಬೇಕಾಗೇತಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗ ತಿಳಿಯೂದಿಲ್ಲ ಬಿಡು, ನೀ ಕಾನ್ವೆಂಟಿನಾಕಿ. ಬೈದ್ರೂ ಥ್ಯಾಂಕ್ಯೂ ಅಂತಿ," ಎಂದೂ ಸೇರಿಸಿದರು. ಅದು ಸುಳ್ಳಲ್ಲ. ಸಿಸ್ಟರುಗಳು ಕಲಿಸಿದ್ದು ಅಷ್ಟು ಬೇಗ ಹೋಗುವುದಿಲ್ಲ.

ಅವರ ಯಜಮಾನರು, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಹತ್ತಿ ವ್ಯಾಪಾರ ಮಾಡಿದವರು. ಚೀಲಕ್ಕೆ ಕೈಹಾಕಿ ಚಿಟಿಕೆ ಹತ್ತಿ ತೆಗೆದು, ಬೆರಳುಗಳ ನಡುವೆ ಎಳೆದು ನೋಡಿ ದರ ಹೇಳುವ ಕಸುಬು. ಆ ಚಿಟಿಕೆ ಕಾಕುವಿನ ಕೈಗೂ ಬಂದಿತ್ತು. ಹೊಸ ಸೊಸೆ ಇರಲಿ, ಹೊಸ ಧಾರಾವಾಹಿ ಇರಲಿ, ನಾನು ಮಾಡಿ ಒಯ್ದ ಕೇಕೇ ಇರಲಿ, ಗಾಳಿಯಲ್ಲಿ ಹೆಬ್ಬೆರಳು ತೋರುಬೆರಳು ಉಜ್ಜಿ, ಇಲ್ಲದ ಹತ್ತಿಯನ್ನು ಎಳೆದು, ತೂರಿಬಿಡುವರು. "ಎಳಿ ಇಲ್ಲ. ಬರೇ ಕಸ."

ಲಕ್ವಾ ಹೊಡೆದ ಮೇಲೆ ಕಾಕಾ ಒಳಕೋಣೆಯಲ್ಲಿ ಮಲಗಿದಲ್ಲೇ ಇದ್ದರು. ಮಾತು ಹೋಗಿತ್ತು. ಟಿವಿ ಅವರಿಗೆ ಕಾಣುತ್ತಿರಲಿಲ್ಲ. ಕಾಕು ತಮ್ಮ ಕುರ್ಚಿಯನ್ನು ಪಡಸಾಲೆಯಲ್ಲಿ ಹಾಕದೆ ಸರಿಯಾಗಿ ಹೊಸ್ತಿಲ ಮೇಲೆ ಹಾಕಿ, ಕಣ್ಣು ಟಿವಿಯ ಕಡೆ, ಬಾಯಿ ಕೋಣೆಯ ಕಡೆ ಮಾಡಿ ಕೂಡುತ್ತಿದ್ದರು. ಅದನ್ನು ದಿನಾ ನೋಡುತ್ತಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಒಂದು ದಿನ, "ಹಾಡು ಕೇಳೂ ಡಬ್ಬಿ ಕೊಳ್ಳೂದೈತಿ, ಬಾ. ಇಂಗ್ಲಿಷಿನಾಗ ಬರೆದದ್ದು ಓದಾಕ ಒಬ್ರು ಬೇಕು," ಎಂದು ನನ್ನನ್ನು ಅಂಗಡಿಗೆ ಕರೆದೊಯ್ದರು. ಅಂಗಡಿಯವರು ಮೊದಲು ಬಣ್ಣದ ದೀಪ ಮಿನುಗುವ ಒಂದು ಪ್ಲೇಯರ್ ತೋರಿಸಿದರು.

"ಇದನ್ನ ಗಣಪತಿ ಮಂಟಪಕ್ಕ ಒಯ್ಯೂದೇನ್ರಿ?"

ಎರಡನೆಯದು ಅಂಗೈಯಷ್ಟು, ದುಂಡಗೆ. "ಉಪ್ಪಿನಕಾಯಿ ಭರಣಿ ಮುಚ್ಚಳ ತೋರಿಸಾಕತ್ತೀರಲ್ಲ." ಮೂರನೆಯದು ಹಳೆಯ ರೇಡಿಯೋದ ಹಾಗಿತ್ತು, ನನಗೆ ಚೆಂದ ಕಂಡಿತು. ಕಾಕು ಅದರ ಗುಂಡಿ ತಿರುವಿ, "ಧಾರಾವಾಹ್ಯಾಗ ಹರೇದ ಹುಡುಗ್ಗ ಬಿಳಿ ಮೀಸಿ ಹಚ್ಚಿ ಅಜ್ಜನ್ನ ಮಾಡ್ತಾರಲ್ಲ, ಹಂಗೈತಿ," ಎಂದು ಬದಿಗಿಟ್ಟರು.

ಅಂಗಡಿಯವರು ಬೇಸರಿಸದೆ, "ನಮ್ಮ ಮನ್ಯಾಗೂ ನೋಡ್ತಾರ್ರಿ ಧಾರಾವಾಹಿ. ಏಳೂವರಿದು. ಈ ವಾರ ಮದುವಿ ಆಗೇಬಿಡ್ತೈತಿ ಅಂತಾರ," ಎಂದರು.

"ಆಗೂದಿಲ್ಲ. ತಾಳಿ ಹಿಡಕೊಂಡ ನಾಕ ದಿವಸ ನಿಂದಿರ್ತಾನ. ಐದನೇ ದಿವಸ ಪೊಲೀಸರು ಬರ್ತಾರ. ಹತ್ತು ದಿವಸದ್ದು ಈಗ ಹೇಳಲೇನು?"

ಅಂಗಡಿಯವರು ನಕ್ಕು, "ಇದನ್ನ ಒಯ್ರಿ ಅಕ್ಕಾರ, ಸಾವಿರಗಟ್ಟಲೆ ಹಾಡು ತುಂಬೇ ಬರ್ತಾವ," ಎಂದು ಇನ್ನೊಂದನ್ನು ಮುಂದಿಟ್ಟರು.

"ನನಗ ಖಾಲಿದು ಬೇಕು."

"ಖಾಲಿದು ತುಗೊಂಡು ಏನ್ ಮಾಡ್ತೀರಿ?"

"ಅದು ನಿಮಗ್ಯಾಕ್ರಿ? ನಾವು ಹೇಳಿದ್ದನ್ನ ಹಿಡಿದಿಟ್ಟುಕೊಂಡು, ಒಂದ ಗುಂಡಿ ಒತ್ತಿದರ ತಿರುಗಿ ಹೇಳಬೇಕು. ಅಂಥಾದು ಕೊಡ್ರಿ."

ಫೋನಿನಲ್ಲೇ ಹಿಡಿಯಬಹುದಲ್ಲ ಕಾಕು, ಎಂದು ನಾನು ಮೆಲ್ಲಗೆ ಹೇಳಿದೆ.

"ಫೋನಿನ್ಯಾಗ ಹಿಡೀಬೇಕು, ಕಾಕಾ ನಗೂ ಹೊತ್ತಿಗೆ ಯಾವನರ ಫೋನ್ ಹಚ್ಚಿ ಸೈಟ್ ಬೇಕೇನ್ರಿ ಅಂತ ಕೇಳಬೇಕು. ಎಂಥಾ ಶ್ಯಾಣ್ಯಾಕಿ."

ಕೊನೆಗೆ ಒಂದು ಕಪ್ಪು ಡಬ್ಬಿ ಒಪ್ಪಿಗೆಯಾಯಿತು. ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವರು, ರಸ್ತೆ ನೋಡುತ್ತಲೇ ಹೇಳಿದರು: "ಗಂಟಲಾಗ ಗಂಟು ಆಗೇತಿ. ಆಪರೇಶನ್. ದವಾಖಾನ್ಯಾಗ ಹತ್ತು ದಿವಸ. ಆಮ್ಯಾಲೆ ಧ್ವನಿ ಬಂದ್ರ ಬಂತು ಅಂದಾರ ಡಾಕ್ಟರು."

ಅವರ ಮಡಿಲಿನಿಂದ ಜಾರುತ್ತಿದ್ದ ಡಬ್ಬಿಯನ್ನು ನಾನು ಹಿಡಿದುಕೊಂಡೆ.

"ಸಾಯೂದಕ್ಕ ಅಂಜಿಕಿಲ್ಲ. ಇವರದು ಚಿಂತಿ. ಸಂಜಿಮುಂದ ಒಮ್ಮೆ ನಗದಿದ್ರ ತುತ್ತಿಗೆ ಬಾಯಿ ತೆರೆಯೂದಿಲ್ಲ. ಯಾರು ಉಣಿಸಿದರೂ ಹಲ್ಲು ಕಚ್ಚಿ ಮಲಗ್ತಾರ. ನಾನು ಆ ಹಾಳ ಧಾರಾವಾಹಿ ಯಾತಕ ನೋಡ್ತೀನಿ ಅಂದುಕೊಂಡಿ?"

ಹೊಸ್ತಿಲ ಮೇಲಿನ ಕುರ್ಚಿ ಆಗ ನನ್ನ ಕಣ್ಣ ಮುಂದೆ ಬಂತು.

ಮುಂದಿನ ಮೂರು ಮಧ್ಯಾಹ್ನ ಗೋಡೆಯಾಚೆ ಅವರ ಧ್ವನಿ ಕೇಳುತ್ತಿತ್ತು. ಇನ್ನೂ ಬರದ ಹತ್ತು ಕಂತುಗಳನ್ನು ಮುಂಗಡವಾಗಿ ಬೈದು ತುಂಬಿಸಿದರು. ಅವರು ಆಸ್ಪತ್ರೆಗೆ ಹೋದ ಮೇಲೆ, ಕಾಕಾನ ತಂಗಿ ಅವರನ್ನು ನೋಡಿಕೊಳ್ಳಲು ಮುಗದ ಎಂಬ ಹಳ್ಳಿಯಿಂದ ಬಂದರು. ಏಳೂವರೆಗೆ ಗುಂಡಿ ಒತ್ತುವುದು ನನ್ನ ಪಾಲಿಗೆ ಬಂತು. "ತಾಳಿ ಹಿಡಕೊಂಡ ನಿಂತಾನ ನೋಡ್ರಿ, ಬಸ್ಸಿನ್ಯಾಗ ಕಂಬಿ ಹಿಡಕೊಂಡಂಗ," ಎಂದಿತು ಡಬ್ಬಿ. ಕಾಕಾನ ಎದೆಯೊಳಗಿಂದ ಗೊರಗೊರ ಎಂದು ನಗು ಬಂತು. ನಗು ನಿಂತ ಮೇಲೆ ಬಾಯಿ ತೆರೆಯಿತು. ತಂಗಿ ತುತ್ತಿಟ್ಟರು. ಟಿವಿಯಲ್ಲಿ ಪೊಲೀಸರು ಮೂರನೇ ದಿನವೇ ಬಂದುಬಿಟ್ಟರು. ಅದು ಗೊತ್ತಾದದ್ದು ನನಗೊಬ್ಬಳಿಗೆ.

ಕಾಕು ತಿರುಗಿ ಬಂದರು, ಧ್ವನಿ ಬರಲಿಲ್ಲ. ಕೊರಳಿಗೆ ಪಟ್ಟಿ, ಕೈಯಲ್ಲಿ ಸ್ಲೇಟು. ಪೊಲೀಸರ ಸುದ್ದಿ ಹೇಳಿದಾಗ, "ಅವಸರ ಮಾಡ್ಯಾರ," ಎಂದು ಬರೆದು, ಗಾಳಿಯಲ್ಲಿ ಚಿಟಿಕೆ ಎಳೆದು ತೂರಿದರು.

ಡಬ್ಬಿಯಲ್ಲಿದ್ದದ್ದನ್ನು ಕಾಕಾ ಎರಡನೇ ಸಲವೂ ನಕ್ಕು ಕೇಳಿದರು. ಮೂರನೇ ಸಲ ನಗಲಿಲ್ಲ. ಅನ್ನ ಹಾಲು ಹಾಗೇ ಆರಿತು. ಮರುದಿನವೂ ಅದೇ. ಆಗ ಕಾಕು ನನ್ನ ರಟ್ಟೆ ಹಿಡಿದು ಹೊಸ್ತಿಲ ಕುರ್ಚಿಯಲ್ಲಿ ಕೂಡಿಸಿದರು. ನಾನು ಟಿವಿ ನೋಡುತ್ತ, "ಈ ಅತ್ತೆಯವರು ಬಹಳ ಕೆಟ್ಟದಾಗಿ ವರ್ತಿಸುತ್ತಿದ್ದಾರೆ," ಎಂದೆ. ಒಳಗೆ ಕಾಕಾ ನಗಲಿಲ್ಲ. ಹಲ್ಲು ಕಚ್ಚಿಯೇ ಇತ್ತು.

ಕಾಕು ಸ್ಲೇಟಿನ ಮೇಲೆ ಜೋರಾಗಿ ಬರೆದು ನನ್ನ ಮೂಗಿಗೆ ಹಿಡಿದರು, ಓದು ಎಂದು ಸನ್ನೆ ಮಾಡಿದರು. ನಾನು ಗಟ್ಟಿಯಾಗಿ ಓದಿದೆ: "ಕೇಳಿದಿರೇನ್ರಿ ಈಕಿ ಕನ್ನಡಾ? ಟಿವಿಯವರ ಕನ್ನಡಕ್ಕ ಇಸ್ತ್ರಿ ಹಾಕ್ಯಾಳ. ಇಂಥಾಕಿನ್ನ ನಂಬಿ ನಾ ದವಾಖಾನಿಗೆ ಹೋಗಿದ್ದೆ."

ಗೊರಗೊರ ನಗು ಬಂತು. ಕಾಕು ಬಟ್ಟಲೆತ್ತಿಕೊಂಡು ಒಳಗೆ ಓಡಿದರು.

ಅಂದಿನಿಂದ ಕಾಕಾ ಇರುವವರೆಗೆ, ಸುಮಾರು ಏಳು ತಿಂಗಳು, ದಿನಾ ಸಂಜೆ ನನ್ನ ಮೇಲಿನ ಬೈಗುಳವನ್ನು ನಾನೇ ಓದಿದೆ. ನನ್ನ ಕೇಕು, ನನ್ನ ಸೀರೆಯ ಪಿನ್ನು, ನನ್ನ ಥ್ಯಾಂಕ್ಯೂ, ಒಂದನ್ನೂ ಅವರು ಬಿಡಲಿಲ್ಲ.

ಕಾಕಾ ಹೋದ ಮೇಲೆ ಕಾಕು ನಾದಿನಿಯ ಜತೆ ಮುಗದಕ್ಕೆ ಹೊರಟರು. ಹೊರಡುವಾಗ ಕಪ್ಪು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, ಸ್ಲೇಟು ತೋರಿಸಿದರು: "ಇದನ್ನ ಕೇಳಿ ಕನ್ನಡ ಕಲಿ." ನಾನು ಥ್ಯಾಂಕ್ಯೂ ಎಂದುಬಿಟ್ಟೆ. ಅವರು ಚಿಟಿಕೆ ತೂರಿ ಕಾರು ಹತ್ತಿದರು. ನಾನು ಅವರನ್ನು ಮತ್ತೆ ನೋಡಲಿಲ್ಲ. ಹೋದ ಶ್ರಾವಣದಲ್ಲಿ ಅಲ್ಲಿಯೇ ತೀರಿಕೊಂಡರು.

ಏಳೂವರೆಗೆ ಈಗ ಬೇರೆ ಧಾರಾವಾಹಿ ಬರುತ್ತದೆ. ನಿನ್ನೆ ಆವಾಜು ಬಂದ್ ಮಾಡಿ ಗುಂಡಿ ಒತ್ತಿದೆ. "ತಾಳಿ ಹಿಡಕೊಂಡ ನಿಂತಾನ ನೋಡ್ರಿ," ಎಂದರು ಕಾಕು. ತಲೆಯೆತ್ತಿ ನೋಡಿದೆ. ಹುಡುಗ ಹೊಸಬ, ಮಂಟಪ ಹೊಸದು. ನಿಂತೇ ಇದ್ದ.