ನಯಾಜ್ ಸಾಹೇಬರ ಹಳೇ ರೂಟರ್

ಗುಬ್ಬಿಯ ನಯಾಜ್ ಸಾಹೇಬರ ಬ್ರೌಸಿಂಗ್ ಸೆಂಟರಿಗೆ ಹೊಸ ರೂಟರ್ ಹಾಕಲು ತುಮಕೂರಿನಿಂದ ಹೋಗಿದ್ದೆ. ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಇಂಟರ್ನೆಟ್ ಹಂಚುತ್ತಿದ್ದುದು ಮೂಲೆಯಲ್ಲಿದ್ದ ಒಂದು ಹಳೇ ಕಂಪ್ಯೂಟರ್. ಅದಕ್ಕೆ ಮಾನಿಟರ್ ಕೂಡ ಇರಲಿಲ್ಲ; ಒಳಗಿದ್ದ ಸಾಫ್ಟ್‌ವೇರೇ ರೂಟರ್.

ನಾನು ತಂದಿದ್ದ ಅಂಗೈಯಗಲದ ಪೆಟ್ಟಿಗೆಯನ್ನು ಸಾಹೇಬರು ತಿರುಗಿಸಿ ನೋಡಿದರು. "ಅಷ್ಟು ದೊಡ್ಡ ಡಬ್ಬದ ಕೆಲ್ಸಾನ ಇದು ಮಾಡ್ತದಾ?"

"ಇದಕ್ಕೆ ಅದೊಂದೇ ಕೆಲ್ಸ ಸಾಹೇಬ್ರೇ. ಹ್ಯಾಂಗ್ ಆಗಲ್ಲ."

"ಅದಕ್ಕೂ ಅದೊಂದೇ ಕೆಲ್ಸ," ಎಂದು ನಕ್ಕರು.

ಪೆಟ್ಟಿಗೆ ಕೂರಿಸಿದೆ, ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಸಿ.ಎಸ್. ಪುರದಿಂದ ಒಬ್ಬ ತಾಯಿ ಮಗಳ ಪಿಯುಸಿ ರಿಸಲ್ಟ್ ನೋಡಲು ಅವಳನ್ನೂ ಕರೆದುಕೊಂಡು ಬಂದರು. ಹುಡುಗಿ ನಂಬರ್ ಹಾಕುವಾಗಲೇ ಕರೆಂಟ್ ಹೋಗಿ, ಜೋರಾಗಿ ವಾಪಸ್ ಬಂತು. ಕಂಪ್ಯೂಟರುಗಳು ಯುಪಿಎಸ್ ಮೇಲಿದ್ದವು. ಗೋಡೆಯ ಪ್ಲಗ್ಗಿಗೆ ಹಾಕಿದ್ದ ನನ್ನ ಪೆಟ್ಟಿಗೆಯ ಅಡಾಪ್ಟರ್ ಮಾತ್ರ ಸುಟ್ಟುಹೋಯಿತು. ರಿಸಲ್ಟ್ ಪುಟ ತೆರೆಯಲೇ ಇಲ್ಲ.

ಹುಡುಗಿಯ ಮುಖ ಬಾಡಿತು. "ಫೇಲ್ ಅಂತ ಬಂತಾ ಅಣ್ಣ?"

"ಇಲ್ಲ ಕಣಮ್ಮ, ಫೇಲ್ ಆಗಿರೋದು ನನ್ನ ರೂಟರ್," ಅಂದೆ.

ಸಾಹೇಬರು ವೈರುಗಳನ್ನು ಮತ್ತೆ ಹಳೇ ಕಂಪ್ಯೂಟರಿಗೆ ಚುಚ್ಚಿದರು. ಅದು ಗುರುಗುಟ್ಟುತ್ತಾ ಏಳುವವರೆಗೆ ನಾವೆಲ್ಲ ಅದನ್ನೇ ನೋಡುತ್ತಾ ನಿಂತಿದ್ದೆವು. ಕೊನೆಗೆ ಪುಟ ತೆರೆಯಿತು. ಫಸ್ಟ್ ಕ್ಲಾಸ್! ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾವ ಡಬ್ಬ ಆದ್ರೇನು ಬುಡಿ, ಪಾಸಾದ್ಲಲ್ಲ," ಅಂದರು.

ಸಾಹೇಬರು ನನ್ನ ರೂಟರನ್ನು ಹಿಂದಿರುಗಿಸಲಿಲ್ಲ, ಬೇರೆ ಅಡಾಪ್ಟರ್ ತರಲು ಹೇಳಿದರು. ಹಳೇ ಕಂಪ್ಯೂಟರನ್ನು ಏನು ಮಾಡ್ತೀರಿ ಎಂದು ಕೇಳಿದೆ.

"ರಿಸಲ್ಟ್ ದಿನಕ್ಕೆ ಇಟ್ಕೋತೀನಿ."

ವರ್ಷಕ್ಕೆ ಒಂದೆರಡು ದಿನ ದುಡಿದರೆ ಸಾಕು ಎನ್ನುವಂಥ ನೌಕರಿ ಅದಕ್ಕೆ ಸಿಕ್ಕಿತು. ನನಗಿನ್ನೂ ಸಿಕ್ಕಿಲ್ಲ.