ಇರ್ಮಾ ಎಳೆದ ಕೆಂಪು ಗೆರೆ

ಬೆಳಿಗ್ಗೆ ಐದೂವರೆ. ಶಾಲೆಯ ಮೈದಾನದ ಹಿಂದಿನ ತಗಡಿನ ಶೆಡ್ಡಿನಲ್ಲಿ ಇರ್ಮಾ ಸಾಬೊ ಅಮೆರಿಕನ್ ಫುಟ್‌ಬಾಲ್ ಹೆಲ್ಮೆಟ್ಟೊಂದನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿ ಒತ್ತುತ್ತಾರೆ. ಬಾಗಿ ಕಿವಿಗೊಡುತ್ತಾರೆ. ಟಿಕ್ ಎಂದರೆ ಬಿರುಕು. ಬಿರುಕು ಬಿಟ್ಟದ್ದನ್ನು ಗರಗಸದಲ್ಲಿ ಎರಡು ಹೋಳು ಮಾಡಿ ಬುಟ್ಟಿಗೆ ಎಸೆಯುತ್ತಾರೆ. ವಯಸ್ಸು ಎಪ್ಪತ್ತೊಂಬತ್ತು. ಮಕ್ಕಳು ಬರುವುದರೊಳಗೆ ನಲವತ್ತು ಹೆಲ್ಮೆಟ್ ನೋಡಿ ಮುಗಿಸುತ್ತಾರೆ.

"ಓದಿದವರು ಒಂದು ಯಂತ್ರ ತಂದಿದ್ರು. ಯಂತ್ರ ಸರಿ ಅಂದಿದ್ದನ್ನ ನನ್ನ ಮಂಡಿ ಬೇಡ ಅಂತು," ಎನ್ನುತ್ತಾರೆ.

ಈ ಕೆಲಸ ಕಲಿತದ್ದು ಮಿಲ್ಬರ್ನ್ ಸ್ಟೋಕರ್ಸ್‌ನಲ್ಲಿ. ಒಹಾಯೊದ ನಮ್ಮೂರಿನಲ್ಲಿ ಎರಡೇ ವರ್ಷ ಬದುಕಿದ ಚಿಕ್ಕ ಲೀಗ್ ತಂಡ ಅದು. ಆಟಗಾರರಿಗೆ ಹಗಲು ಉಕ್ಕಿನ ಕುಲುಮೆ, ಸಂಜೆ ಅಭ್ಯಾಸ; ತಲೆಗೆ ದೊಡ್ಡ ತಂಡಗಳು ಬಿಸಾಡಿದ ಹೆಲ್ಮೆಟ್ಟು. ಬಟ್ಟೆ ಒಗೆಯಲು ಸೇರಿದ ಇರ್ಮಾ ಹೆಲ್ಮೆಟ್ ಪರೀಕ್ಷೆಯನ್ನೂ ಹೊತ್ತುಕೊಂಡರು. ಬಿರುಕಿದ್ದರೆ ಒಳಗಡೆ ನೇಲ್ ಪಾಲಿಶ್‌ನ ಕೆಂಪು ಗೆರೆ. ಗೆರೆಯಿದ್ದದ್ದನ್ನು ಯಾರೂ ಹಾಕುವಂತಿಲ್ಲ. "ಉಗುರು ಸಾಲ್ದು ಅಂತ ನಮ್ಮ ತಲೆಗೂ ಬಣ್ಣ ಹಚ್ತೀಯೇನೇ ಇರ್ಮಾ?" ಎಂದು ಡೆಲ್ ರಕ್ಕಿ ಛೇಡಿಸುತ್ತಿದ್ದನಂತೆ. ತಂಡದ ಅತಿ ವೇಗದ ಓಟಗಾರ.

೧೯೭೦ರ ಕೊನೆಯ ಪಂದ್ಯದ ದಿನ ನಾಲ್ಕು ಹೆಲ್ಮೆಟ್ ಕಡಿಮೆ ಬಿತ್ತು. ಇರ್ಮಾ ಆಟಗಾರರ ಕಣಕಾಲಿಗೆ ಪಟ್ಟಿ ಸುತ್ತುತ್ತಿದ್ದ ಹೊತ್ತಿನಲ್ಲಿ ತಂಡದ ಮಾಲೀಕ ಬಣ್ಣ ಕರಗಿಸುವ ಥಿನ್ನರ್ ಹಾಕಿಸಿ ಬಿರುಕಿನ ನಾಲ್ಕು ಹೆಲ್ಮೆಟ್ಟುಗಳ ಗೆರೆ ಒರೆಸಿದ. ಅವುಗಳಲ್ಲೊಂದು ಡೆಲ್‌ನ ತಲೆಗೆ ಬಂತು. ಆಟದ ನಡುವೆ ತಲೆಗೆ ಪೆಟ್ಟಾಗಿ ಬಿದ್ದವನ ಹೆಲ್ಮೆಟ್ ಕಳಚಿದಾಗ ಇರ್ಮಾರ ಮೂಗಿಗೆ ಥಿನ್ನರ್ ವಾಸನೆ ಬಡಿಯಿತು. ಅವನಿಗೆ ಎಚ್ಚರವಾದದ್ದು ಹನ್ನೊಂದು ದಿನಗಳ ನಂತರ. ಇಂದಿಗೂ ಹೆಂಡತಿಯನ್ನು ನೀವ್ಯಾರು ಎಂದು ಕೇಳುತ್ತಾನೆ. ತಂಡ ಆ ವಾರವೇ ಮುಚ್ಚಿತು.

"ಗೆರೆ ಎಳೆದದ್ದೇ ನನ್ನ ತಪ್ಪು. ಒಡೆದು ಹಾಕಬೇಕಿತ್ತು." ಗರಗಸ ಹಿಡಿದದ್ದು ಅದಕ್ಕೆ.

ಈಗ ಊರಿನ ದೊಡ್ಡವರು ಮೈದಾನದ ಬಾಗಿಲಿಗೆ ತಂಡದ ಚರಿತ್ರೆ ಬರೆದ ಕಂಚಿನ ಫಲಕ ಹಾಕಿಸುತ್ತಿದ್ದಾರೆ. ಮಾಲೀಕನ ಹೆಸರು ಬೆರಳುದ್ದದ ಅಕ್ಷರಗಳಲ್ಲಿ. ಡೆಲ್ ಹೆಸರೇ ಇಲ್ಲ. ತಂಡ ಮುಚ್ಚಿದ್ದು ಜನ ಬಾರದ್ದಕ್ಕಂತೆ! ನಾಚಿಕೆಯಾಗಬೇಕು. ಇರ್ಮಾ ಫಲಕದ ಸಮಿತಿಗೆ ಎರಡು ಸಲ ಹೋಗಿ ನಡೆದದ್ದು ಹೇಳಿದರು. ಹಬ್ಬದ ದಿನ ಹಳೇ ಹುಣ್ಣು ಕೆರೆಯಬೇಡಿ, ವೇದಿಕೆಯ ಮೇಲೆ ನಿಮಗೂ ಒಂದು ಕುರ್ಚಿ ಹಾಕಿಸುತ್ತೇವೆ ಎಂದು ಸಮಿತಿಯವರು ಸಾಗಹಾಕಿದರು. ಹುಣ್ಣು ಯಾರದು ಸ್ವಾಮಿ, ಮುಚ್ಚಿಡುವುದಕ್ಕೆ ನೀವ್ಯಾರು?

ಶನಿವಾರ ಫಲಕದ ಅನಾವರಣಕ್ಕೆ ಹೋಗುತ್ತೀರಾ ಎಂದು ಕೇಳುತ್ತೇನೆ. ಅವರು ಮುಂದಿನ ಹೆಲ್ಮೆಟ್ಟಿಗೆ ಕೈ ಚಾಚುತ್ತಾರೆ.

"ಕುರ್ಚಿ ಬೇಡ ಕಣಪ್ಪಾ. ಆ ಒಂದು ಸಾಲು ತೆಗೀಲಿ, ಸಾಕು. ಜನ ಬಂದಿದ್ರು. ಆರು ಸಾವಿರ ಜನ. ಎಲ್ಲರ ಕಣ್ಣೆದುರಿಗೇ ಬಿದ್ದ."